ಅದು ಮೋಲ್ ಅಲ್ಲ, ಹೆಗ್ಗಣ: ತೋಟದ ಮಾಟೆಗೆ ಬೋನೋ, ಗುಳಿಗೆಯೋ?

ಪ್ರಶ್ನೆ: ಕಾಸರಗೋಡು ಜಿಲ್ಲೆಯ ಬದಿಯಡ್ಕ ಸಮೀಪ ನಮ್ಮದು ಒಂದೂವರೆ ಎಕ್ರೆ ಜಾಗ. ಮೇಲೆ ಅಡಿಕೆ, ನಡುವೆ ತೆಂಗು ಮತ್ತು ಕೊಕ್ಕೊ. ಕೆಳಗೆ ಹಿಂದೆ ಗದ್ದೆಯಾಗಿದ್ದಲ್ಲಿ ಈಗ ಮರಗೆಣಸು. ಕಳೆದ ವರ್ಷ ನೆಟ್ಟ ತೆಂಗಿನ ಸಸಿಗಳಲ್ಲಿ ಆರು ಈ ಮಳೆಗಾಲದ ಕೊನೆಗೆ ಬಾಡಿದವು. ಎಳೆದರೆ ಕೈಗೇ ಬಂದವು. ಬುಡ ಕತ್ತಿಯಲ್ಲಿ ಕೆತ್ತಿದ ಹಾಗಿತ್ತು. ಅಲ್ಲೇ ಹತ್ತಿರ ಮತ್ತು ಕಟ್ಟಪುಣಿಯ (ಗದ್ದೆ ಬದುವಿನ) ಉದ್ದಕ್ಕೂ ಹೊಸ ಮಣ್ಣಿನ ಗುಪ್ಪೆಗಳಿವೆ. ಮರಗೆಣಸು ಕಿತ್ತರೆ ಅರ್ಧ ತಿಂದಿರುತ್ತದೆ. ದೊಡ್ಡ ತೆಂಗಿನ ಮರಗಳ ಬುಡದಲ್ಲಿ ತೂತಾದ ಎಳೆಕಾಯಿ ಬಿದ್ದಿರುತ್ತವೆ. ಮಗ ಮೊಬೈಲಿನಲ್ಲಿ ನೋಡಿ ಇದು ಮೋಲ್ ಅಂತಾನೆ. ನೆಲಕ್ಕೆ ಚುಚ್ಚುವ ಸೋಲಾರ್ ಯಂತ್ರ ತರಿಸೋಣ ಅಂತಾನೆ. ನೆರೆಕರೆಯವರು ಬಾಳೆಹಣ್ಣಿನೊಳಗೆ ಫ್ಯೂರಡಾನ್ ಇಡಿ ಎನ್ನುತ್ತಾರೆ. ಇನ್ನೊಬ್ಬರು ಬಂದು, ಮಾಟೆಗೆ, ಅಂದರೆ ಬಿಲಕ್ಕೆ, ಗುಳಿಗೆ ಹಾಕಿ ಮುಚ್ಚಿಕೊಡುತ್ತೇನೆ, ಒಂದು ಮಾಟೆಗೆ ಇಷ್ಟು ಅಂತ ರೇಟು ಹೇಳಿ ಹೋಗಿದ್ದಾರೆ. ಮನೆಯಲ್ಲಿ ನಾಯಿ ಇದೆ, ಎರಡು ದನ ಇವೆ. ಬಾವಿ ತೋಟದ ನಡುವೆಯೇ ಇದೆ. ಹೆಂಡತಿಗೆ ವಿಷ ಅಂದರೇ ಹೆದರಿಕೆ. ಇದು ಬೋನಿನಲ್ಲಿ ಮುಗಿಯುವ ಕೆಲಸವೇ? ಅಥವಾ ಗೊತ್ತಿದ್ದವರಿಗೆ ವಹಿಸುವುದೇ ಒಳ್ಳೆಯದೇ?

ಉತ್ತರ:

ಮೊದಲು ಮಗನ ಮಾತಿಗೆ ಉತ್ತರ ಹೇಳಿಬಿಡುತ್ತೇನೆ. ನಿಮ್ಮ ತೋಟದಲ್ಲಿರುವುದು ಮೋಲ್ ಅಲ್ಲ. ನಮ್ಮ ದೇಶದಲ್ಲಿ ಮೋಲ್ ಇರುವುದು ಪೂರ್ವ ಹಿಮಾಲಯ ಮತ್ತು ಈಶಾನ್ಯದ ಕಡೆ. ದಕ್ಷಿಣದಲ್ಲಿ ಇಲ್ಲ. ಅದು ಇಲಿಯ ಜಾತಿಯೂ ಅಲ್ಲ. ಎರೆಹುಳ, ಮಣ್ಣಿನ ಹುಳಹುಪ್ಪಟೆ ತಿಂದು ಬದುಕುವ ಪ್ರಾಣಿ. ತೆಂಗಿನ ಬುಡ, ಮರಗೆಣಸು ಅದಕ್ಕೆ ಬೇಡವೇ ಬೇಡ. ಇಂಗ್ಲೆಂಡಿನಲ್ಲಿ ಅದು ಹುಲ್ಲುಗಾವಲಿನಲ್ಲಿ ಮಣ್ಣೆಬ್ಬಿಸಿ ರೈತರಿಗೆ ಉಪದ್ರ ಕೊಡುತ್ತದೆ. ಅಲ್ಲಿ ಮೋಲ್ ಹಿಡಿಯುವುದನ್ನೇ ಕಸುಬಾಗಿ ಮಾಡುವವರಿದ್ದಾರೆ. 2006ರಲ್ಲಿ ಅಲ್ಲಿ ಮೋಲ್‌ಗೆ ಸ್ಟ್ರಿಕ್ನೈನ್ ವಿಷ ಇಡುವುದು ನಿಂತಿತು. ಆಮೇಲೆ ಸುರಂಗದೊಳಗೆ ಬೋನು ಇಡುವ ಕೈಗಳಿಗೇ ಹೆಚ್ಚು ಕೆಲಸ. ಮಗ ನೋಡಿದ್ದು ಅಂಥ ವಿಡಿಯೋ ಇರಬೇಕು. ಆ ಬೋನು ಮೋಲ್‌ನ ಸುರಂಗಕ್ಕೆಂದೇ ಮಾಡಿದ್ದು, ನಮ್ಮಲ್ಲಿ ಪ್ರಯೋಜನವಿಲ್ಲ. ನೆಲ ನಡುಗಿಸುವ ಸೋಲಾರ್ ಕಡ್ಡಿ ಮೋಲನ್ನಾದರೂ ಓಡಿಸುತ್ತದೆ ಎನ್ನುವುದಕ್ಕೂ ಗಟ್ಟಿ ಆಧಾರವಿಲ್ಲ. ಇಲಿ-ಹೆಗ್ಗಣಗಳಂತೂ ಸದ್ದಿಗೆ ಬೇಗ ಒಗ್ಗಿಕೊಳ್ಳುತ್ತವೆ. ಆ ದುಡ್ಡು ಉಳಿಸಿ.

ನೀವು ಬರೆದ ಗುರುತುಗಳನ್ನು ನೋಡಿದರೆ ನಿಮ್ಮಲ್ಲಿ ಎರಡು ಬೇರೆ ಬೇರೆ ಪ್ರಾಣಿಗಳಿವೆ. ಎರಡಕ್ಕೂ ಒಂದೇ ಮದ್ದು ಮಾಡಲು ಹೋಗಿಯೇ ಹೆಚ್ಚಿನವರು ಸೋಲುವುದು.

ನೆಲದಲ್ಲಿರುವುದು ಹೆಗ್ಗಣ. ತುಳುವಿನವರು ಪೆರ್ಗುಡೆ ಎನ್ನುವುದು, ಮಲಯಾಳದವರು ತುರಪ್ಪನ್ ಎನ್ನುವುದು ಇಂಥದ್ದನ್ನೇ. ಹಟ್ಟಿ, ಚರಂಡಿ ಹತ್ತಿರ ಕಾಣುವ ಭಾರೀ ಹೆಗ್ಗಣ ಬೇರೆ. ಗದ್ದೆ-ತೋಟ ಕೊರೆಯುವುದು ಅದಕ್ಕಿಂತ ಸಣ್ಣದು, ಗಿಡ್ಡ ಮೂತಿಯದು. ಬಿಲ ತೋಡಿ ಬಾಯಲ್ಲಿ ಹೊಸ ಮಣ್ಣು ರಾಶಿ ಹಾಕುತ್ತದೆ. ಎಷ್ಟೋ ಸಲ ಒಳಗೆ ಹೋಗಿ ಬಾಯಿಯನ್ನು ಮಣ್ಣಿನಿಂದ ಮುಚ್ಚಿಕೊಳ್ಳುತ್ತದೆ. ಹಾಗಾಗಿ ನಿಮಗೆ ಗುಪ್ಪೆ ಕಾಣುತ್ತದೆ, ತೂತು ಕಾಣುವುದಿಲ್ಲ. ಮೋಲ್ ಅಂತ ಮಗನಿಗೆ ಅನಿಸಿದ್ದು ಇದರಿಂದಲೇ. ಅದರಲ್ಲಿ ಅವನ ತಪ್ಪಿಲ್ಲ ಬಿಡಿ, ಚಿತ್ರದಲ್ಲಿ ಎರಡೂ ಒಂದೇ ಥರ ಕಾಣುತ್ತವೆ.

ಮರದ ಮೇಲಿರುವುದು ಕಪ್ಪಿಲಿ. ತೆಂಗಿನ ಮಂಡೆಯಲ್ಲೇ ಗೂಡು ಕಟ್ಟಿ, ಮಡಲಿನಿಂದ ಮಡಲಿಗೆ ದಾಟುತ್ತಾ ನೆಲ ಮುಟ್ಟದೆ ದಿನ ಕಳೆಯಬಲ್ಲದು. ಎಳೆಕಾಯಿಯನ್ನು ತೊಟ್ಟಿನ ಹತ್ತಿರ ಕೊರೆದು ಬೀಳಿಸುವುದು ಇದು. ಕೊಕ್ಕೊದಲ್ಲೂ ನೋಡಿ: ತೊಟ್ಟಿನ ಬಳಿ ತೂತಿದ್ದರೆ ಸಾಮಾನ್ಯವಾಗಿ ಇಲಿ, ಕಾಯಿಯ ನಡುಭಾಗದಲ್ಲಿದ್ದರೆ ಅಳಿಲು. ಅಳಿಲು ಹಗಲಿನದ್ದು, ಇಲಿ ರಾತ್ರಿಯದ್ದು.

ಸಸಿಯ ವಿಷಯದಲ್ಲಿ ಇನ್ನೂ ಒಂದೆರಡು ಅನುಮಾನ ಪರಿಹರಿಸಿಕೊಳ್ಳಬೇಕು. ಸುಳಿ ಬಾಡಿ, ಬುಡದಲ್ಲಿ ಮಣ್ಣಿನ ಪದರ ಅಂಟಿದ್ದರೆ ಅದು ಗೆದ್ದಲು. ಸುಳಿಯೇ ಕೊರೆದು ಎಲೆ ಕತ್ತರಿ ಆಡಿಸಿದ ಹಾಗೆ ಬಿಡಿಸಿಕೊಂಡರೆ ಕುರುವಾಯಿ ಹುಳ. ಸಸಿಯೇ ಬುಡಮೇಲಾಗಿ ಸುತ್ತ ನೆಲ ಉತ್ತ ಹಾಗಿದ್ದರೆ ಹಂದಿ. ಮಣ್ಣಿನ ಮೇಲಿನ ಬುಡದಲ್ಲಿ ಅಗಲವಾದ ಹಲ್ಲಿನ ಗುರುತು, ಹತ್ತಿರ ಒಂದೆರಡು ಮುಳ್ಳು ಬಿದ್ದಿದ್ದರೆ ಮುಳ್ಳುಹಂದಿ. ಮುಳ್ಳುಹಂದಿ ಕಾನೂನಿನ ರಕ್ಷಣೆ ಇರುವ ಪ್ರಾಣಿ. ಅದಕ್ಕೆ ಬೋನು, ವಿಷ ಯಾವುದೂ ಇಡುವಂತಿಲ್ಲ. ಬೇಲಿ ಕಟ್ಟಬಹುದು, ಅರಣ್ಯ ಇಲಾಖೆಗೆ ತಿಳಿಸಬಹುದು. ನಿಮ್ಮ ಸಸಿಗಳು ಮಣ್ಣಿನ ಅಡಿಯಲ್ಲಿ ಕಡಿದು ಹೋಗಿವೆ, ಹತ್ತಿರ ಹೊಸ ಮಣ್ಣಿದೆ. ಹೆಗ್ಗಣವೇ.

ಹಾಗಾದರೆ ಈಗಲೇ ಯಾಕೆ ಇಷ್ಟು? ಬೈಲಿನ ಕಡೆ ನೋಡಿ. ಏಣೆಲು, ಸುಗ್ಗಿ ಅಂತ ಭತ್ತದ ಬೇಸಾಯ ನಡೆಯುತ್ತಿದ್ದ ಕಾಲದಲ್ಲಿ ವರ್ಷಕ್ಕೆ ಎರಡು ಮೂರು ಸಲ ಉಳುತ್ತಿದ್ದರು, ಹುಣಿ (ಬದು) ಕೆತ್ತಿ ಹೊಸ ಕೆಸರು ಮೆತ್ತುತ್ತಿದ್ದರು. ಬಿಲ ಕಟ್ಟಿಕೊಳ್ಳಲು ಹೆಗ್ಗಣಕ್ಕೆ ಪುರುಸೊತ್ತೇ ಸಿಗುತ್ತಿರಲಿಲ್ಲ. ಈಗ ಗದ್ದೆ ಹಡಿಲು ಬಿದ್ದಿದೆ, ಇಲ್ಲವೇ ಅಡಿಕೆಯೋ ಮರಗೆಣಸೋ ಬಂದಿದೆ. ಹುಣಿ ಅಲುಗದೆ ನಿಂತಿದೆ. ಮಳೆಗಾಲದಲ್ಲಿ ತಗ್ಗಿನ ಜಾಗದ ಬಿಲಗಳಲ್ಲಿ ನೀರು ನಿಂತಾಗ ಅವೆಲ್ಲ ಮೇಲಿನ ಕಟ್ಟಕ್ಕೆ ಹತ್ತುತ್ತವೆ. ಅಲ್ಲಿ ಹೊಸ ಗುಂಡಿ, ಸಡಿಲ ಮಣ್ಣು, ಮೆತ್ತನೆ ಸಸಿ. ಬುಡಕ್ಕೆ ಹಾಕಿದ ಸೊಪ್ಪು, ರಾಶಿ ಬಿದ್ದ ಸಿಪ್ಪೆ, ಹೆಕ್ಕದೆ ಬಿಟ್ಟ ಕಾಯಿ ಎಲ್ಲ ಇವಕ್ಕೆ ಮನೆ ಮತ್ತು ಊಟ. ಹೆಣ್ಣು ಹೆಗ್ಗಣ ಮೂರು ವಾರ ಕಳೆಯುವಷ್ಟರಲ್ಲಿ ಮರಿ ಹಾಕುತ್ತದೆ, ಒಂದು ಸೂಲಿಗೆ ಆರೆಂಟು ಮರಿ ಸಾಮಾನ್ಯ. ಎರಡು ಹಿಡಿದು ಸುಮ್ಮನಾದರೆ ಏನೂ ಆಗುವುದಿಲ್ಲ ಎನ್ನುವುದು ಈ ಲೆಕ್ಕದಿಂದ.

ಇನ್ನು ನಂಬಿಕೆಗಳ ಮಾತು. ವಿಷ ಇಟ್ಟ ಸುದ್ದಿಯನ್ನು ಮನೆಯಲ್ಲಿ ಜೋರಾಗಿ ಹೇಳಬಾರದು, ಇಲಿ ಕೇಳಿಸಿಕೊಳ್ಳುತ್ತದೆ ಅಂತ ಅಜ್ಜಿಯಂದಿರು ಹೇಳುವುದುಂಟು. ಇಲಿಗೆ ಕನ್ನಡವಾಗಲಿ ತುಳುವಾಗಲಿ ಬರುವುದಿಲ್ಲ, ಆದರೆ ಅಜ್ಜಿ ನೋಡಿದ್ದು ಸುಳ್ಳಲ್ಲ. ಇಲಿ ಹೊಸ ವಸ್ತುವನ್ನು ಒಮ್ಮೆಲೇ ನಂಬುವುದಿಲ್ಲ. ಹೊಸ ತಿಂಡಿ ಕಂಡರೆ ಚೂರು ಕಚ್ಚಿ ನೋಡುತ್ತದೆ. ಹೊಟ್ಟೆ ಕೆಟ್ಟರೆ ಆ ತಿಂಡಿಯ ಹತ್ತಿರ ಮತ್ತೆ ಸುಳಿಯುವುದಿಲ್ಲ. ಕಪ್ಪು ಪುಡಿಯಾಗಿ ಸಿಗುವ ಜಿಂಕ್ ಫಾಸ್ಫೈಡ್ ಸೋಲುವುದು ಇಲ್ಲಿಯೇ. ಅದಕ್ಕೇ ಮೊದಲ ಒಂದೆರಡು ದಿನ ವಿಷವಿಲ್ಲದ ತಿಂಡಿಯನ್ನೇ ಇಟ್ಟು ಅಭ್ಯಾಸ ಮಾಡಿಸಬೇಕು ಎನ್ನುವುದು. ವಿಷ ತಿಂದ ಇಲಿ ನೀರು ಹುಡುಕಿಕೊಂಡು ಹೊರಗೆ ಹೋಗಿ ಸಾಯುತ್ತದೆ ಎನ್ನುವುದನ್ನೂ ನಂಬಬೇಡಿ. ಬಿಲದಲ್ಲೂ ಸಾಯುತ್ತದೆ, ಅಟ್ಟದಲ್ಲೂ ಸಾಯುತ್ತದೆ, ಬಾವಿಯಲ್ಲೂ ಸಾಯುತ್ತದೆ. ಬಿಲಕ್ಕೆ ಗಾಜಿನ ಚೂರು, ಯೂರಿಯಾ, ಸಿಮೆಂಟ್ ತುಂಬಿಸುವುದು ಸುಮ್ನೆ ಕೆಲಸ. ಪಕ್ಕದಲ್ಲಿ ಇನ್ನೊಂದು ಬಾಯಿ ತೆರೆಯುತ್ತದೆ, ಗಾಜು ನಿಮ್ಮ ಕಾಲಿಗೇ ತಾಗುತ್ತದೆ.

ಫ್ಯೂರಡಾನ್ ಸಲಹೆಗೆ ಮಾತ್ರ ನನ್ನದು ಖಡಾಖಂಡಿತ ಬೇಡ. ಅದು ಇಲಿಪಾಷಾಣವೇ ಅಲ್ಲ, ಮಣ್ಣಿಗೆ ಹಾಕುವ ಕೀಟನಾಶಕ. ಕೇರಳ ಸರಕಾರ 2011ರಲ್ಲಿ ನಿಲ್ಲಿಸಿದ ವಿಷಗಳ ಪಟ್ಟಿಯಲ್ಲಿ ಅದೂ ಇದೆ. ಹಳೇ ಡಬ್ಬ ಯಾರಲ್ಲೋ ಉಳಿದಿರುತ್ತದೆ, ಅಷ್ಟೇ. ಬಾಳೆಹಣ್ಣನ್ನು ಹೆಗ್ಗಣವೇ ತಿನ್ನಬೇಕೆಂದಿಲ್ಲ. ನಿಮ್ಮ ದನ ತಿನ್ನಬಹುದು, ನವಿಲು ತಿನ್ನಬಹುದು. ಎಂಡೋಸಲ್ಫಾನ್ ಏನು ಮಾಡಿತೆಂದು ಎಣ್ಮಕಜೆಯಂಥ ಊರುಗಳಲ್ಲಿ ಕಣ್ಣಾರೆ ಕಂಡ ಜಿಲ್ಲೆ ನಮ್ಮದು. ನಿಮ್ಮ ಮನೆಯವರ ಹೆದರಿಕೆಯನ್ನು ಹಗುರ ಮಾಡಬೇಡಿ. ಅಂಗಡಿಯಲ್ಲಿ ಟ್ಯೂಬಿನಲ್ಲಿ ಸಿಗುವ ಹಳದಿ ರಂಜಕದ ಪೇಸ್ಟನ್ನೂ ಮನೆಗೆ ತರಬೇಡಿ. ಹೊಟ್ಟೆಗೆ ಹೋದರೆ ಲಿವರ್ ಹಾಳು ಮಾಡುತ್ತದೆ, ಅದಕ್ಕೆ ಪ್ರತಿವಿಷ ಇಲ್ಲ. ಹಂದಿಗೆ ಕಟ್ಟಿದ ಹಾಗೆ ಕರೆಂಟಿನ ತಂತಿ ಎಳೆಯುವ ಯೋಚನೆಯಿದ್ದರೆ ಅದನ್ನೂ ಬಿಡಿ. ಹಾಗೆ ಕಟ್ಟಿದ ತಂತಿಯಿಂದ ಮನುಷ್ಯರು ಸತ್ತಿದ್ದಾರೆ.

ಬೋನಿನಲ್ಲಿ ಆಗುತ್ತದೆಯೇ ಎಂದು ಕೇಳಿದ್ದೀರಿ. ಒಂದೂವರೆ ಎಕ್ರೆಯಲ್ಲಿ, ನಾಯಿ-ದನ-ಬಾವಿ ಇರುವ ಜಾಗದಲ್ಲಿ, ಹೆಗ್ಗಣಕ್ಕೆ ಬೋನೇ ಸರಿ ಎನ್ನುವವನು ನಾನು. ಆದರೆ ಒಂದು ಬೋನು ತಂದು ತೋಟದ ನಡುವೆ ಇಟ್ಟು ವಾರ ಕಾದರೆ ಆಗುವುದಿಲ್ಲ. ಮೊದಲು ಯಾವ ಬಿಲದಲ್ಲಿ ಪ್ರಾಣಿ ಇದೆ ಎಂದು ತಿಳಿಯಬೇಕು. ಸಾಯಂಕಾಲ ಎಲ್ಲ ಗುಪ್ಪೆಗಳನ್ನು ಕಾಲಿನಿಂದ ಸಮ ಮಾಡಿ, ತೆರೆದ ತೂತುಗಳನ್ನು ಮಣ್ಣಿನಿಂದ ಮುಚ್ಚಿ. ಬೆಳಿಗ್ಗೆ ಎಲ್ಲಿ ಹೊಸ ಮಣ್ಣು ಬಂದಿದೆ, ಎಲ್ಲಿ ತೂತು ತೆರೆದಿದೆ ನೋಡಿ ಅಲ್ಲಿ ಒಂದು ಕೋಲು ಊರಿ. ಇಪ್ಪತ್ತು ಗುಪ್ಪೆ ಇರುವ ಕಡೆ ಜೀವಂತ ಬಿಲ ನಾಲ್ಕೇ ಇರಬಹುದು. ಈ ಹೆಗ್ಗಣ ಒಂಟಿ ಪ್ರಾಣಿ. ಮರಿಯಿರುವ ತಾಯಿಯನ್ನು ಬಿಟ್ಟರೆ ಒಂದು ಬಿಲದಲ್ಲಿ ಸಾಮಾನ್ಯವಾಗಿ ಒಂದೇ ಇರುತ್ತದೆ, ಆದರೆ ಆ ಒಂದಕ್ಕೇ ನಾಲ್ಕೈದು ಬಾಯಿ. ನಿಮಗೆ ರೇಟು ಹೇಳಿದವರು ಮಾಟೆಯ ಲೆಕ್ಕದಲ್ಲಿ ದುಡ್ಡು ಕೇಳಿದ್ದು ಯಾಕೆ ಎಂದು ಈಗ ಗೊತ್ತಾಯಿತಲ್ವಾ?

ಕೋಲು ಊರಿದ ಕಡೆ, ಹೆಗ್ಗಣ ಓಡಾಡುವ ದಾರಿಯಲ್ಲಿ ಬೋನು ಇಡಿ. ಹುಣಿಯ ಬದಿ, ಕಟ್ಟದ ಕಲ್ಲಿನ ಸಂದಿ, ಮರಗೆಣಸಿನ ಸಾಲಿನ ಅಂಚು ಒಳ್ಳೆಯ ಜಾಗ. ತಂತಿ ಪಂಜರದ ಬೋನೇ ನಿಮಗೆ ಒಳ್ಳೆಯದು. ನಾಯಿಯ ಮೂತಿ ಸಿಕ್ಕಿಕೊಳ್ಳುವ ಭಯವಿಲ್ಲ, ತಪ್ಪಿ ಸೊಂಡಿಲಿ ಬಿದ್ದರೆ ಬಿಟ್ಟುಬಿಡಬಹುದು. ಸೊಂಡಿಲಿ ಹುಳ ತಿನ್ನುವ ಪ್ರಾಣಿ, ಅದರ ವಾಸನೆ ಬಿಟ್ಟರೆ ಬೇರೆ ಉಪದ್ರ ಇಲ್ಲ. ಮೊದಲ ಎರಡು ಮೂರು ರಾತ್ರಿ ಬೋನಿನ ಬಾಗಿಲು ಕಟ್ಟಿ ತೆರೆದೇ ಇಡಿ. ಒಳಗೆ ಕೆಂಡದಲ್ಲಿ ಸುಟ್ಟ ಕೊಬ್ಬರಿ ಚೂರೋ, ಮರಗೆಣಸೋ, ಒಣಮೀನೋ ಇರಲಿ. ನಿರ್ಭಯವಾಗಿ ತಿಂದು ಹೋಗಲಿ. ಆಮೇಲೆ ಒಂದೇ ರಾತ್ರಿ ಎಲ್ಲ ಬೋನುಗಳನ್ನೂ ಹೂಡಿ. ಒಂದು ಬೋನು ಹತ್ತು ದಿನ ಇಡುವುದಕ್ಕಿಂತ ಹತ್ತು ಬೋನು ಎರಡು ರಾತ್ರಿ ಇಡುವುದು ಮೇಲು. ಅಷ್ಟು ಬೋನು ಒಬ್ಬರಲ್ಲಿ ಇರುವುದಿಲ್ಲ. ನಾಲ್ಕು ಮನೆಯವರು ಸೇರಿ ತಂದು ಸರದಿಯಲ್ಲಿ ಬಳಸಿ. ಹಾಗೆ ಮಾಡಿದರೆ ಇನ್ನೊಂದು ಲಾಭವೂ ಇದೆ. ನಿಮ್ಮಲ್ಲಿ ಖಾಲಿಯಾದ ಬಿಲಕ್ಕೆ ಪಕ್ಕದ ತೋಟದ ಹೆಗ್ಗಣ ಬಂದು ಕೂರುವುದು ತಪ್ಪುತ್ತದೆ. ಸಿಕ್ಕಿದ್ದನ್ನು ದೂರ ಒಯ್ದು ಗುಡ್ಡೆಯಲ್ಲಿ ಬಿಟ್ಟು ಬರುವವರಿದ್ದಾರೆ. ಅದು ಉಪದ್ರವನ್ನು ಇನ್ನೊಬ್ಬರ ತೋಟಕ್ಕೆ ದಾಟಿಸಿದ ಹಾಗೆ ಅಷ್ಟೇ.

ಜೀವಂತ ಬಿಲವನ್ನು ಅಗೆದು ಹಿಡಿಯುವುದೂ ಒಂದು ದಾರಿ. ಗದ್ದೆ ಹುಣಿಯಲ್ಲಿ ಇದು ಚೆನ್ನಾಗಿ ನಡೆಯುತ್ತದೆ, ಮುರಕಲ್ಲಿನ ಕಟ್ಟದಲ್ಲಿ ನಡೆಯುವುದಿಲ್ಲ. ಅಗೆಯುವ ಮೊದಲು ತೆಂಗಿನ ಸಿಪ್ಪೆಯ ಹೊಗೆ ಒಳಗೆ ಊದಿ ನೋಡಿ. ಹೊಗೆ ಬೇರೆ ಎಲ್ಲಿಂದ ಹೊರಬರುತ್ತದೆ ಎನ್ನುವುದರಿಂದ ಬಿಲದ ಕವಲು ಗೊತ್ತಾಗುತ್ತದೆ. ತಮಿಳುನಾಡಿನ ಇರುಳರು ಮಣ್ಣಿನ ಗಡಿಗೆಯಲ್ಲಿ ಹೊಗೆ ಮಾಡಿ ಬಿಲಕ್ಕೆ ಊದಿ ಇಲಿ ಹಿಡಿಯುವುದರಲ್ಲಿ ನಿಪುಣರು. ತಂಜಾವೂರು ಕಡೆ ಬಿದಿರಿನ ಬಿಲ್ಲಿನ ಬೋನನ್ನು ಸಂಜೆ ಗದ್ದೆಯಲ್ಲಿ ಸಾಲಾಗಿ ಊರಿ ಬೆಳಿಗ್ಗೆ ಇಲಿ ಎತ್ತಿಕೊಂಡು ಬರುವವರಿದ್ದಾರೆ. ದುಡ್ಡು ಕೊಟ್ಟು ಕರೆಸುವುದಾದರೆ ನಾನು ಇಂಥ ಕೈಕೆಲಸದವರನ್ನೇ ಆರಿಸುತ್ತೇನೆ. ನಮ್ಮ ಊರಲ್ಲೂ ಬಿಲ ನೋಡಿಯೇ ಒಳಗೆ ಇದೆಯೋ ಇಲ್ಲವೋ ಹೇಳುವವರು ಹುಡುಕಿದರೆ ಸಿಗುತ್ತಾರೆ. ಕೂಲಿ ಮಾತಾಡುವಾಗ ಬಿಲದ ಲೆಕ್ಕ ಬೇಡ, ಹಿಡಿದು ತೋರಿಸಿದ ಹೆಗ್ಗಣದ ಲೆಕ್ಕ ಇರಲಿ.

ಗುಳಿಗೆ ಹಾಕುವವರ ವಿಷಯ ಬೇರೆ. ಆ ಗುಳಿಗೆ ಅಲ್ಯುಮಿನಿಯಂ ಫಾಸ್ಫೈಡ್ ಆಗಿರಬೇಕು. ಮಣ್ಣಿನ ತೇವ ತಾಗಿದರೆ ಫಾಸ್ಫೀನ್ ಎಂಬ ವಿಷಗಾಳಿ ಬಿಡುತ್ತದೆ. ಬಿಲದೊಳಗೆ ಗಾಳಿ ನಿಂತರೆ ಹೆಗ್ಗಣ ಸಾಯುವುದು ನಿಜ. ಆದರೆ ಅದನ್ನು ಯಾರು ಬೇಕಾದರೂ ಅಂಗಡಿಯಲ್ಲಿ ಕೊಂಡು ಬಳಸುವಂತಿಲ್ಲ. ಸರಕಾರಿ ಸಂಸ್ಥೆಗಳಿಗೆ ಮತ್ತು ಪರವಾನಗಿ ಇರುವ ಕೀಟನಿಯಂತ್ರಣದವರಿಗೆ ಮಾತ್ರ ಅವಕಾಶ. ಆ ಗಾಳಿಗೆ ಪ್ರತಿವಿಷ ಇಲ್ಲ. ನಮ್ಮ ಮುರಮಣ್ಣಿನಲ್ಲಿ ಇನ್ನೊಂದು ತೊಂದರೆ: ಸಂದಿಗಳು ಜಾಸ್ತಿ. ಗಾಳಿ ಎಲ್ಲಿಂದ ಸೋರಿ ಎಲ್ಲಿ ಏಳುತ್ತದೆ ಹೇಳಲಾಗದು. ಮನೆ, ಹಟ್ಟಿ, ನಾಯಿಗೂಡಿನ ಹತ್ತಿರ ಇದಕ್ಕೆ ಖಂಡಿತ ಒಪ್ಪಬೇಡಿ. ದೂರದ ಬೈಲಿನ ಹುಣಿಯಲ್ಲಿ, ಎಲ್ಲರೂ ಸೇರಿ ಮಾಡಿಸುವುದಾದರೆ ಯೋಚಿಸಬಹುದು. ಆಗಲೂ ಪರವಾನಗಿ ತೋರಿಸಿ ಎಂದು ಕೇಳಿ. ಯಾವ ಮದ್ದು, ಎಷ್ಟು ದಿನ ಆ ಕಡೆ ಹೋಗಬಾರದು, ಉಳಿದ ಗುಳಿಗೆಯ ಡಬ್ಬ ಯಾರು ಒಯ್ಯುತ್ತಾರೆ, ಇವಿಷ್ಟಕ್ಕೆ ನೇರ ಉತ್ತರ ಬರಲಿ. ಒಂದೆರಡು ಗುಳಿಗೆ ನಿಮ್ಮಲ್ಲೇ ಇರಲಿ, ಮತ್ತೆ ಬೇಕಾಗುತ್ತದೆ ಎಂದು ಕೊಟ್ಟುಹೋಗುವವರಾದರೆ ಗೇಟಿನ ಹೊರಗೇ ನಿಲ್ಲಿಸಿ.

ತೆಂಗಿನ ಮೇಲಿನ ಇಲಿಗೆ ನೆಲದ ಬೋನು ಉಪಯೋಗವಿಲ್ಲ. ಮರಗಳು ಬಿಡಿಬಿಡಿಯಾಗಿದ್ದರೆ, ಕಾಂಡಕ್ಕೆ ಎರಡು ಮೀಟರ್ ಎತ್ತರದಲ್ಲಿ 40 ಸೆಂಟಿಮೀಟರ್ ಅಗಲದ ಜಿಂಕ್ ತಗಡು ಸುತ್ತುವುದು ಎಲ್ಲಕ್ಕಿಂತ ಒಳ್ಳೆಯ ಉಪಾಯ. ಉಗುರು ಹಿಡಿಯದೆ ಇಲಿ ಜಾರುತ್ತದೆ. ಆದರೆ ತಗಡು ಸುತ್ತಿದ ಮರದ ಮಡಲು ಪಕ್ಕದ ಮರಕ್ಕೋ ಕೊಕ್ಕೊಕ್ಕೋ ತಾಗುತ್ತಿದ್ದರೆ ಅದು ದಂಡ. ನಿಮ್ಮದು ಒತ್ತಾದ ತೋಟ ಎಂದು ಕಾಣುತ್ತದೆ. ಅಂಚಿನ ಮರಗಳಿಗೆ ಮಾತ್ರ ತಗಡು ನೋಡಿ. ಉಳಿದಕ್ಕೆ, ಕಾಸರಗೋಡಿನ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಹೇಳುವ ಕ್ರಮ ಇದೆ: ಶೇಕಡಾ 0.005ರ ಬ್ರೋಮೋಡಯೋಲೋನ್ ಮೇಣದ ತುಂಡು, ಹತ್ತು ಗ್ರಾಮ್, ಐದು ಮರಕ್ಕೆ ಒಂದು ಮರದ ಮಂಡೆಯಲ್ಲಿ. ಹನ್ನೆರಡು ದಿನ ಬಿಟ್ಟು ಇನ್ನೊಮ್ಮೆ. ಇಲಿಗಳು ಮರದಿಂದ ಮರಕ್ಕೆ ದಾಟುವುದರಿಂದ ಎಲ್ಲ ಮರಕ್ಕೂ ಇಡಬೇಕಾಗಿಲ್ಲ. ಇದು ರಕ್ತ ಹೆಪ್ಪುಗಟ್ಟದಂತೆ ಮಾಡುವ ವಿಷ. ಇಲಿ ತಿಂದ ಕೂಡಲೇ ಸಾಯುವುದಿಲ್ಲ, ಕೆಲವು ದಿನ ಬೇಕು. ಹಾಗಾಗಿ ಅದಕ್ಕೆ ಅನುಮಾನವೂ ಬರುವುದಿಲ್ಲ. ಮಂಡೆಯ ಮೇಲೆ ಇಟ್ಟರೆ ದನಕ್ಕೆ, ನಾಯಿಗೆ ನೇರವಾಗಿ ಸಿಗುವುದಿಲ್ಲ. ಕೆಳಗೆ ಬಿದ್ದ ತುಂಡು, ಸತ್ತ ಇಲಿ ಮಾತ್ರ ದಿನಾ ಹೆಕ್ಕಿ ಆಳವಾಗಿ ಹೂಳಬೇಕು. ವಿಷ ತಿಂದ ಇಲಿಯನ್ನು ಗೂಬೆ ತಿಂದರೆ ಗೂಬೆಯೂ ಸಾಯಬಹುದು, ನಿಮ್ಮ ತೋಟದಲ್ಲಿ ಸಂಬಳವಿಲ್ಲದೆ ಇಲಿ ಹಿಡಿಯುವುದು ಅದು. ಕೇರೆ ಹಾವನ್ನೂ ಹೊಡೆಯಬೇಡಿ. ನಾಗರಹಾವಲ್ಲ ಎಂದು ಗೊತ್ತಿದ್ದೂ ಹೊಡೆಯುವವರನ್ನು ನೋಡಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಕೊಕ್ಕೊ ಹಣ್ಣಾದ ಕೂಡಲೇ ಕೊಯ್ಯಿರಿ, ಅರ್ಧ ಉಪದ್ರ ಅಲ್ಲಿಗೇ ಕಡಿಮೆಯಾಗುತ್ತದೆ.

ಹೊಸ ಸಸಿ ನೆಡುವಾಗ ಬುಡದ ಸುತ್ತ ಗಟ್ಟಿ ತಂತಿಬಲೆಯನ್ನು ಒಂದಡಿ ಮಣ್ಣಿನೊಳಗೆ ಇಳಿಸಿ ನಿಲ್ಲಿಸಿ. ಆರು ಸಸಿಗೆ ಅದು ದೊಡ್ಡ ಖರ್ಚಲ್ಲ. ಸೊಪ್ಪು ಬುಡಕ್ಕೆ ಬೇಕು, ಬೇಡ ಎನ್ನುವುದಿಲ್ಲ. ಆದರೆ ಬುಡಕ್ಕೆ ಒತ್ತಿ ರಾಶಿ ಮಾಡದೆ ಸ್ವಲ್ಪ ಬಿಟ್ಟು ತೆಳುವಾಗಿ ಹರಡಿ. ಮರಗೆಣಸು ಬಲಿತ ಮೇಲೆ ಸಾಲಿನಲ್ಲೇ ತಿಂಗಳುಗಟ್ಟಲೆ ಬಿಡಬೇಡಿ. ದೊಡ್ಡ ಬೇಟೆಗೆ ಒಳ್ಳೆಯ ಕಾಲ ಫೆಬ್ರವರಿಯ ನಂತರದ ಬೇಸಗೆ. ಹೊರಗೆ ತಿನ್ನಲು ಕಡಿಮೆ ಇರುವುದರಿಂದ ಬೋನಿನ ತಿಂಡಿಗೆ ಬೇಗ ಬರುತ್ತವೆ. ಈಗ ಸಸಿಗಳ ಹತ್ತಿರದ್ದನ್ನು ಮಾತ್ರ ಹಿಡಿಯಿರಿ. ಬೇಸಗೆಗೆ ನೆರೆಕರೆಯವರನ್ನು ಸೇರಿಸಿ. ಪಂಚಾಯತಿನ ಕೃಷಿ ಭವನದಲ್ಲಿ ಒಂದು ಮಾತು ಹೇಳಿಟ್ಟರೆ ಎಲ್ಲರನ್ನೂ ಕರೆಯಲು ಸುಲಭ.

ಕೆಲಸ ಮಾಡುವಾಗ ಬರಿಗೈ ಬೇಡ. ಇಲಿಜ್ವರ ನಮ್ಮ ಕಡೆ ಪ್ರತಿ ಮಳೆಗಾಲದ ಕಾಯಿಲೆ. ಇಲಿಯ ಮೂತ್ರ ಬಿದ್ದ ಕೆಸರು, ನೀರು ಗಾಯಕ್ಕೆ ತಾಗಿದರೆ ಸಾಕು. ಗ್ಲೌಸ್, ಬೂಟು ಹಾಕಿ. ಒದ್ದೆ ಮಣ್ಣಿನಲ್ಲಿ ಕೆಲಸ ಮಾಡುವವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಡಾಕ್ಸಿಸೈಕ್ಲಿನ್ ಮಾತ್ರೆ ಕೊಡುತ್ತಾರೆ, ಕೇಳಿ ಪಡೆಯಿರಿ. ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ಹೆಗ್ಗಣ ಹಿಡಿದ ವಿಷಯವನ್ನು ಡಾಕ್ಟರಿಗೆ ಮೊದಲೇ ಹೇಳಿ.

ನಾಯಿ ಮೇಣದ ತುಂಡು ತಿಂದಿದೆ ಎಂಬ ಅನುಮಾನ ಬಂದರೆ, ಚೆನ್ನಾಗಿಯೇ ಇದೆಯಲ್ಲ ಎಂದು ಕಾಯಬೇಡಿ. ರಕ್ತಸ್ರಾವ ಕಾಣಿಸಿಕೊಳ್ಳಲು ಎರಡು ಮೂರು ದಿನ ಹಿಡಿಯುತ್ತದೆ. ಅಷ್ಟರೊಳಗೆ ವಿಟಮಿನ್ ಕೆ ಕೊಡಿಸಿದರೆ ಉಳಿಯುತ್ತದೆ. ಮದ್ದಿನ ಪ್ಯಾಕೆಟ್ ಎಸೆಯದೆ ಇಟ್ಟುಕೊಂಡು ಅದನ್ನೇ ಮೃಗಾಸ್ಪತ್ರೆಗೆ ಒಯ್ಯಿರಿ.